ಬಣ್ಣದ ಗಾಜಿನ ಕಿಟಕಿಗಳು ಮತ್ತು ನೋಟದ ಶಿಕ್ಷಣ

ಪ್ರಾಚೀನ ವಸ್ತುಗಳನ್ನು ಜೋಪಾನ ಮಾಡುವುದಷ್ಟೇ ವಸ್ತುಸಂಗ್ರಹಾಲಯದ ಕೆಲಸವೆಂದು ಭಾವಿಸಿದ್ದ ಕಾಲವೊಂದಿತ್ತು. ಅವುಗಳನ್ನು ನೋಡಲು ಕಲಿಸುವುದೂ ಅದರ ಹೊಣೆಯೆಂಬುದನ್ನು ಈಗ ಯಾರೂ ಅಲ್ಲಗಳೆಯಲಾರರು. ಉಪನ್ಯಾಸ, ಪ್ರದರ್ಶನ, ಕಮ್ಮಟಗಳು ಈ ಹೊಣೆಯಿಂದ ಹುಟ್ಟಿದವು. ಇವುಗಳ ಪೈಕಿ ಐತಿಹಾಸಿಕವಾದ ಬಣ್ಣದ ಗಾಜಿನ ಕಿಟಕಿಗಳನ್ನು ಕುರಿತ ಕಾರ್ಯಕ್ರಮಗಳು ಪ್ರತ್ಯೇಕ ವಿಮರ್ಶೆಗೆ ಅರ್ಹವಾಗಿವೆ. ಉಳಿದ ಕಲಾವಸ್ತುಗಳು ಬೆಳಕಿನಲ್ಲಿ ಕಾಣುವಂಥವು. ಕಿಟಕಿಯಾದರೋ ಬೆಳಕನ್ನೇ ತನ್ನ ದ್ರವ್ಯವಾಗಿ ಉಳ್ಳದ್ದು. ಇಂಥದನ್ನು ನೋಡಲು ಕಲಿಸುವ ಬಗೆ ಹೇಗೆ? ಗೌರಿಬಿದನೂರಿನಂಥ ಊರಿನ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಆ ವಿದ್ಯಾರ್ಥಿಗೆ ಬಣ್ಣದ ಗಾಜಿನ ಪರಿಚಯವಾಗುವುದು ಸಾಮಾನ್ಯವಾಗಿ ಮೈಸೂರಿನ ಪ್ರವಾಸದಲ್ಲಿ. ಮರದ ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ ಹೊಸ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಅದರ ಕಲ್ಯಾಣ ಮಂಟಪ ಎಂಟು ಮೂಲೆಯದು. ಎರಕದ ಕಬ್ಬಿಣದ ಕಂಬಗಳ ಮೇಲೆ, ನವಿಲುಗಳನ್ನೂ ಹೂಬಳ್ಳಿಗಳನ್ನೂ ತೋರಿಸುವ ಬಣ್ಣದ ಗಾಜಿನ ಛಾವಣಿ ನಿಂತಿದೆ. ಈ ಕೆಲಸ ನಡೆದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ನೋಡುವವರ ಗುಂಪು ಕತ್ತೆತ್ತಿ ಒಂದು ಕ್ಷಣ ನಿಲ್ಲುತ್ತದೆ. ಗಾಜು ಪರದೇಶದ್ದೆಂಬ ಮಾತು ಕಿವಿಗೆ ಬೀಳುತ್ತದೆ. ಗುಂಪು ಮುಂದೆ ಸಾಗುತ್ತದೆ. ವಿದ್ಯಾರ್ಥಿಯ ನೆನಪಿನಲ್ಲಿ ಉಳಿಯುವುದು ವೈಭವವೊಂದೇ.

ಆದರೆ ಆ ಛಾವಣಿಯಲ್ಲಿ ನೋಡತಕ್ಕ ಸಂಗತಿ ಬೇರೆಯೇ ಇದೆ. ಮೇಲೆ ಇರುವ ನವಿಲು ಕೆಳಗೆ ನೆಲದ ಹಾಸಿನಲ್ಲಿಯೂ ಮರಳಿ ಬಂದಿದೆ. ಈ ಎರಡು ನವಿಲುಗಳ ನಡುವಿನ ಅವಕಾಶವೇ ಮಂಗಳಕಾರ್ಯದ ಸ್ಥಳ. ಬಣ್ಣವನ್ನು ಹೊತ್ತು ಇಳಿಯುವ ಬೆಳಕು ಅಲ್ಲಿ ನೆರೆದವರ ಮೇಲೆ ಬೀಳಬೇಕು. ಎಂದರೆ ಈ ಗಾಜು ತನ್ನನ್ನು ನೋಡಿಸಿಕೊಳ್ಳುವುದಕ್ಕಿಂತ ಹೆಚ್ಚಾಗಿ, ತನ್ನ ಕೆಳಗಿನವರನ್ನು ಬೆಳಗುವುದಕ್ಕಾಗಿ ರಚಿತವಾದದ್ದು. ಅದೇ ನಗರದಲ್ಲಿ 1933ರಲ್ಲಿ ಅಸ್ತಿಭಾರ ಹಾಕಿಸಿಕೊಂಡ ಸಂತ ಫಿಲೋಮಿನಾ ಚರ್ಚಿನ ಕಿಟಕಿಗಳ ಧರ್ಮ ಇದಕ್ಕಿಂತ ಭಿನ್ನ. ಅಲ್ಲಿ ಕ್ರಿಸ್ತನ ಜೀವನದ ಘಟನೆಗಳು ಗಾಜಿನಲ್ಲಿ ಮೂಡಿವೆ; ಅವು ಕಥೆ ಹೇಳುವ ಕಿಟಕಿಗಳು, ಓದಿಕೊಳ್ಳಬೇಕಾದವು. ಒಂದು ಉತ್ಸವದ ಬೆಳಕು, ಇನ್ನೊಂದು ಆಖ್ಯಾನದ ಬೆಳಕು. ಈ ಭೇದವನ್ನು ಗುರುತಿಸಲು ಕಲಿಯದವನು ಮೈಸೂರಿನಲ್ಲಿ ಬಣ್ಣವನ್ನು ಕಂಡಿದ್ದಾನೆಯೇ ಹೊರತು ಕಿಟಕಿಯನ್ನು ಕಂಡಿಲ್ಲವೆಂದೇ ಹೇಳಬೇಕಾಗುತ್ತದೆ.

ಇಂಥ ಶಿಕ್ಷಣವನ್ನೇ ಮುಖ್ಯ ಕಾಯಕವಾಗಿ ಕೈಗೊಂಡ ಸಂಸ್ಥೆಗೆ ಇಂಗ್ಲೆಂಡಿನ ಈಲಿಯ ಬಣ್ಣದ ಗಾಜಿನ ವಸ್ತುಸಂಗ್ರಹಾಲಯ ಒಳ್ಳೆಯ ನಿದರ್ಶನ. 1972ರಲ್ಲಿ ಸ್ಥಾಪಿತವಾಗಿ 1979ರಲ್ಲಿ ಸಾರ್ವಜನಿಕರಿಗೆ ತೆರೆದ ಈ ಸಂಗ್ರಹ, ಬಳಕೆ ತಪ್ಪಿ ಹಾಳಾಗುತ್ತಿದ್ದ ಚರ್ಚುಗಳ ಗಾಜನ್ನು ಉಳಿಸುವ ಪ್ರಯತ್ನದಿಂದ ಬೆಳೆಯಿತು. ಅಲ್ಲಿ ಕಿಟಕಿಯ ತುಂಡುಗಳನ್ನು ಕಣ್ಣಿನ ಮಟ್ಟಕ್ಕೆ ಇಳಿಸಿ, ಹಿಂದಿನಿಂದ ಬೆಳಕು ಕೊಟ್ಟು ತೋರಿಸುತ್ತಾರೆ. ಗಾಜನ್ನು ಕೊರೆಯುವ, ಸೀಸದ ಪಟ್ಟಿಯಲ್ಲಿ ಕೂಡಿಸುವ ಕಮ್ಮಟಗಳನ್ನು ನಡೆಸುತ್ತಾರೆ. ಇದರಿಂದ ಆಗುವ ಲಾಭ ದೊಡ್ಡದು. ಐವತ್ತು ಅಡಿ ಎತ್ತರದಲ್ಲಿ ಎಂದೂ ಕಾಣದ ಕುಂಚದ ಗೆರೆ ಇಲ್ಲಿ ಕೈಗೆಟಕುವಷ್ಟು ಹತ್ತಿರ ಬರುತ್ತದೆ. ಆದರೆ ನಷ್ಟವೂ ಇಲ್ಲದಿಲ್ಲ. ದೀಪದ ಪೆಟ್ಟಿಗೆಗೆ ಮುಂಜಾವಿಲ್ಲ, ಮೋಡವಿಲ್ಲ, ಸಂಜೆಯಿಲ್ಲ. ಗಳಿಗೆಗಳಿಗೆಗೂ ಮಾರ್ಪಡುವ ವಸ್ತು ಅಲ್ಲಿ ಸ್ಥಿರಚಿತ್ರವಾಗುತ್ತದೆ. ನಮ್ಮ ಸ್ಥಿತಿ ಇದಕ್ಕೆ ವಿಲೋಮ: ನಮ್ಮ ಗಾಜು ತನ್ನ ಸ್ಥಾನದಲ್ಲಿಯೇ ಇದೆ, ಬಿಸಿಲು ಅದರ ಹಿಂದೆಯೇ ಇದೆ, ಕಣ್ಣನ್ನು ಅಲ್ಲಿಗೆ ಏರಿಸುವ ಪಾಠವೊಂದೇ ಇಲ್ಲ.

ಪಾಠವೆಂಬ ಹೆಸರಿನಲ್ಲಿ ನಮ್ಮ ವಿದ್ಯಾಸಂಸ್ಥೆಗಳಲ್ಲಿ ನಡೆಯುವುದಾದರೂ ಏನು? ಬಿಳಿಯ ಗಾಜಿನ ಹಲಗೆಯೊಂದನ್ನು ಕೊಟ್ಟು, ಅದರ ಮೇಲೆ ಕಪ್ಪು ಗೆರೆ ಎಳೆದು, ಒಳಗೆ ಬಣ್ಣ ತುಂಬಿಸುವುದೇ ಗಾಜಿನ ಚಿತ್ರದ ಕಮ್ಮಟವೆಂದು ರೂಢಿಯಾಗಿದೆ. ಕೈಗೆ ಒಂದು ಹವ್ಯಾಸವಾಗಿ ಇದು ಆಕ್ಷೇಪಾರ್ಹವಲ್ಲ. ಐತಿಹಾಸಿಕ ಕಿಟಕಿಯ ಪರಿಚಯವಾಗಿ ಇದು ತಪ್ಪು ಪಾಠ. ಪ್ರಾಚೀನ ಕಿಟಕಿಯಲ್ಲಿ ನೀಲಿಯೂ ಕೆಂಪೂ ಗಾಜಿನ ಮೇಲೆ ಬಳಿದವಲ್ಲ. ಕರಗಿದ ಗಾಜಿಗೆ ಲೋಹದ ಭಸ್ಮ ಬೆರೆತಾಗಲೇ ಬಣ್ಣ ಅದರ ಮೈಯಾಗುತ್ತದೆ. ಕೋಬಾಲ್ಟಿನಿಂದ ನೀಲಿ, ತಾಮ್ರದಿಂದ ಕೆಂಪು. ಕುಂಚದಿಂದ ಹಚ್ಚುತ್ತಿದ್ದುದು ಮುಖ್ಯವಾಗಿ ಮುಖದ ಗೆರೆ, ಬಟ್ಟೆಯ ಮಡಿಕೆಗಳಿಗೆ ಬೇಕಾದ ಕಪ್ಪು ಅಥವಾ ಕಂದು ಲೇಪ; ಅದನ್ನೂ ಕುಲುಮೆಯಲ್ಲಿ ಸುಟ್ಟು ಗಾಜಿನೊಂದಿಗೆ ಒಂದಾಗಿಸುತ್ತಿದ್ದರು. ಹದಿನಾಲ್ಕನೆಯ ಶತಮಾನದಿಂದ ಬಳಕೆಗೆ ಬಂದ ಬೆಳ್ಳಿಯ ಹಳದಿಯೂ ಹಾಗೆಯೇ ಸುಟ್ಟು ಪಡೆದದ್ದು. ಇನ್ನು ಕಪ್ಪು ಗೆರೆಯೆಂದು ನಾವು ಕಾಣುವುದು ಬಹುಮಟ್ಟಿಗೆ ತುಂಡು ತುಂಡುಗಳನ್ನು ಹಿಡಿದಿರುವ ಸೀಸದ ಪಟ್ಟಿ. ಚಿತ್ರಕ್ಕೆ ಅದು ರೇಖೆ, ಕಟ್ಟಡಕ್ಕೆ ಅದು ಎಲುಬು. ಬಣ್ಣ ತುಂಬಿಸುವ ಕಮ್ಮಟದಲ್ಲಿ ಈ ಎರಡು ಸತ್ಯಗಳೂ ಮರೆಯಾಗುತ್ತವೆ.

ಹಾಗಾದರೆ ಆರಂಭ ಎಲ್ಲಿಂದ? ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಘಟನೆ ಸರ್ವವಿದಿತ. ಅಲ್ಲಿನ ಸ್ಮಾರಕದ ಮುಂದೆ ನಿಂತವನಿಗೆ ಹೆಚ್ಚು ವಿವರಣೆ ಬೇಡ. ಹಿರಿಯರ ಬಾಯಿಂದ ಕೇಳಿದ ನೆನಪು ನೋಟವನ್ನು ತುಂಬುತ್ತದೆ. ಗಾಜಿನ ವಿಷಯದಲ್ಲಿ ಅಂಥ ನೆನಪು ನಮ್ಮವರಿಗೆ ಇಲ್ಲವೆನ್ನುವುದು ಸುಲಭ. ಆದರೆ ನಾವು ಈ ಮಾತನ್ನು ಒಪ್ಪುವುದಿಲ್ಲ. ಬಳೆಚೂರನ್ನು ಬಿಸಿಲಿಗೆ ಹಿಡಿದು ಅಂಗೈಮೇಲೆ ಬಿದ್ದ ಬಣ್ಣವನ್ನು ನೋಡಿ ಹಿಗ್ಗಿದ ಬಾಲ್ಯ ನಮ್ಮ ಹಳ್ಳಿಗಳಲ್ಲಿ ಅಪರೂಪವೇನಲ್ಲ. ಬಳೆ ಎಷ್ಟು ಸವೆದರೂ ಹಸಿರು ಬಳೆ ಹಸಿರಾಗಿಯೇ ಇರುತ್ತದೆ, ಮುರಿದ ತುದಿಯಲ್ಲಿಯೂ ಅದೇ ಹಸಿರು ಕಾಣುತ್ತದೆ ಎಂಬುದನ್ನು ತೋರಿಸಿದರೆ, ಬಣ್ಣ ಗಾಜಿನ ಮೈಯೆಂಬ ಮೊದಲ ಪಾಠ ಮುಗಿಯಿತು. ಎರಡನೆಯ ಪಾಠಕ್ಕೆ ಕಪ್ಪು ರಟ್ಟಿನ ಪಟ್ಟಿಗಳೂ ಬಣ್ಣದ ಪಾರದರ್ಶಕ ಹಾಳೆಗಳೂ ಸಾಕು. ತುಂಡುಗಳನ್ನು ಬೇರೆ ಬೇರೆಯಾಗಿ ಕತ್ತರಿಸಿ ಪಟ್ಟಿಯಿಂದ ಕೂಡಿಸುವಾಗ, ಒಂದು ಕೊರಳನ್ನು ಎಲ್ಲಿ ಕಡಿದರೆ ಆಕೃತಿ ಕೆಡುವುದಿಲ್ಲವೆಂಬ ಪ್ರಶ್ನೆ ಕೈಗೇ ಎದುರಾಗುತ್ತದೆ. ಹಾಳೆ ಗಾಜಲ್ಲ, ನಿಜ. ಆದರೆ ರಚನೆಯ ತತ್ತ್ವಕ್ಕೆ ಅದು ದ್ರೋಹ ಬಗೆಯುವುದಿಲ್ಲ.

ಮೂರನೆಯ ಪಾಠ ಚಿಕ್ಕಬಳ್ಳಾಪುರ ತಾಲ್ಲೂಕಿನ ನಂದಿಯಲ್ಲಿ ನಡೆಯಬೇಕೆಂದು ನಮ್ಮ ಸೂಚನೆ. ಒಂಬತ್ತನೆಯ ಶತಮಾನದ ಆದಿಭಾಗದಷ್ಟು ಹಿಂದಕ್ಕೆ ಹೋಗುವ ಭೋಗನಂದೀಶ್ವರ ಗುಡಿಯ ಗೋಡೆಗಳಲ್ಲಿ ಕಲ್ಲಿನ ಜಾಲಂಧ್ರಗಳಿವೆ; ನರ್ತಿಸುವ ಶಿವನೂ ಕೋಣದ ತಲೆಯ ಮೇಲೆ ನಿಂತ ದುರ್ಗೆಯೂ ಅವುಗಳಲ್ಲಿ ಕಾಣಿಸುತ್ತಾರೆ. ಇಲ್ಲಿ ಗಾಜಿಲ್ಲ, ಬಣ್ಣವಿಲ್ಲ. ಆದರೂ ಬೆಳಕನ್ನು ಆಕೃತಿಯ ಮೂಲಕ ಒಳಗೆ ಬಿಡುವ ಸಮಸ್ಯೆ ಅದೇ. ಹಗಲಿನಲ್ಲಿ ಹೊರಗಿನಿಂದ ನೋಡಿದರೆ ಅದು ಶಿಲ್ಪ, ಒಳಗಿನಿಂದ ನೋಡಿದರೆ ಬೆಳಕಿಗೆ ಎದುರಾದ ಕಪ್ಪು ಆಕಾರ. ಬಣ್ಣದ ಗಾಜಾದರೋ ಹಗಲಲ್ಲಿ ಹೊರಗಿನವನಿಗೆ ಮಂಕು ತಗಡಿನಂತೆ ಕಂಡು, ಒಳಗೆ ಬಂದವನಿಗೆ ಮಾತ್ರ ಜೀವ ತಳೆಯುತ್ತದೆ. ಕಲ್ಲಿನ ಕಿಟಕಿ ಎರಡೂ ಕಡೆಗೆ ಮುಖವುಳ್ಳದ್ದು, ಗಾಜಿನ ಕಿಟಕಿ ಒಳಮುಖದ್ದು. ನಂದಿಯಲ್ಲಿ ಒಂದು ಬೆಳಗನ್ನೂ ಒಂದು ಸಂಜೆಯನ್ನೂ ಕಳೆದ ವಿದ್ಯಾರ್ಥಿ ಮೈಸೂರಿನ ಛಾವಣಿಯ ಕೆಳಗೆ ನಿಂತಾಗ, ಬೆಳಕು ಯಾವ ಕಡೆಯಿಂದ ಬಂದು ಯಾರ ಮೇಲೆ ಬೀಳುತ್ತದೆಂದು ತಾನಾಗಿ ಕೇಳಿಯಾನು.

ಇದೆಲ್ಲ ರಸಿಕತೆಯ ವಿಚಾರ, ಇದರಿಂದ ಆಗಬೇಕಾದುದೇನು ಎಂದು ಕೇಳುವವರಿರಬಹುದು. ಸೀಸಕ್ಕೂ ಆಯುಷ್ಯವಿದೆ. ನೂರು ನೂರೈವತ್ತು ವರ್ಷಗಳಲ್ಲಿ ಅದು ದಣಿದು ಬಾಗುತ್ತದೆ. ಆಗ ಗಾಜನ್ನು ಬಿಚ್ಚಿ ಹೊಸ ಪಟ್ಟಿಯಲ್ಲಿ ಕೂಡಿಸಬೇಕಾಗುತ್ತದೆ. ಮೈಸೂರಿನ ಅರಮನೆ ಪೂರ್ಣಗೊಂಡು ನೂರು ವರ್ಷ ದಾಟಿದೆ. ಫ್ರಾನ್ಸಿನ ಶಾರ್ತ್ರ್ ನಗರದವರು 1939ರಲ್ಲಿ ಯುದ್ಧದ ಭಯದಿಂದ ತಮ್ಮ ಚರ್ಚಿನ ಕಿಟಕಿಗಳನ್ನು ಕಳಚಿ ದೂರ ಸಾಗಿಸಿ, ಯುದ್ಧ ಮುಗಿದ ಮೇಲೆ ಮರಳಿ ಕೂಡಿಸಿದರು. ಬಿಚ್ಚಿ ಕಟ್ಟಬಲ್ಲ ಕೈಗಳೂ, ಅದರ ಬೆಲೆಯನ್ನು ಬಲ್ಲ ಜನರೂ ಇದ್ದುದರಿಂದ ಅದು ಸಾಧ್ಯವಾಯಿತು. ವೈಭವವೆಂದಷ್ಟೇ ಬಲ್ಲ ಜನ, ವೈಭವ ಒಡೆದ ದಿನ ಅದರ ಸ್ಥಾನದಲ್ಲಿ ಬಣ್ಣ ಬಳಿದ ಹಲಗೆಯನ್ನು ಇಟ್ಟರೂ ವ್ಯತ್ಯಾಸವನ್ನು ಅರಿಯರು. ಅಂಥ ಅಜ್ಞಾನವನ್ನು ಯಾವ ಕಾವಲೂ ತಡೆಯಲಾರದು.

ಆದ್ದರಿಂದ ಬಣ್ಣದ ಗಾಜಿನ ಉತ್ಸವಗಳನ್ನು ಏರ್ಪಡಿಸುವವರು ಹೊಗಳಿಕೆಯನ್ನು ಮಿತಗೊಳಿಸಿ, ನೋಟಕ್ಕೆ ಹೆಚ್ಚು ಹೊತ್ತು ಕೊಡುವುದು ಲೇಸು. ಅಧ್ಯಾಪಕರಿಗಂತೂ ವಸ್ತುಸಂಗ್ರಹಾಲಯ ಬರುವವರೆಗೆ ಕಾಯಬೇಕಾದ ಕಾರಣವಿಲ್ಲ. ಒಂದು ಬಳೆಚೂರು, ಒಂದು ಜಾಲಂಧ್ರ, ಒಂದು ದಿನದ ಬಿಸಿಲು ನಮ್ಮ ಬಳಿಯಲ್ಲಿಯೇ ಇವೆ.