ಒಂದೇ ಹದದಲ್ಲಿ ಎಲ್ಲ ಅಂಡ ಮಾಗೀತೆ?

ಕಪನೂರ ದಾಟಿ ಕಮಲಾಪುರದತ್ತ ಹೋಗುವ ಈ ಸೀಮೆಗೆ ದೇವಣಿ ಹೊಸ ಹೆಸರಲ್ಲ. ಬೀದರ–ಕಲಬುರಗಿ ಭಾಗದಲ್ಲಿ ಹಾಲಿಗೂ ಹೊಲಕ್ಕೂ ಒದಗುವ ಗೋತಳಿಯಿದು. ಉತ್ತಮ ಆಕಳೊಂದು ವರ್ಷಕ್ಕೊಂದು ಕರು ಕೊಟ್ಟರೆ ಅದೇ ಹೆಚ್ಚು. ಹಾಗಾಗಿ ಅಂಡಾಣುಗಳನ್ನು ಹೊರತೆಗೆದು, ಪ್ರಯೋಗಾಲಯದಲ್ಲಿ ಮಾಗಿಸಿ, ಹಲವು ಭ್ರೂಣ ಪಡೆಯುವ ವಿದ್ಯೆಯ ಮೇಲೆ ಆಸೆ ಹುಟ್ಟುವುದು ಸಹಜ. ಕರ್ನಾಲದ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಲ್ಲಿ 1990ರಲ್ಲೇ ಎಮ್ಮೆಯ ಪ್ರನಾಳ ಕರು ‘ಪ್ರಥಮ್’ ಹುಟ್ಟಿತ್ತು. ಆದರೆ ಈ ವಿದ್ಯೆಯ ಮೊದಲ ಮೆಟ್ಟಿಲಲ್ಲೇ ಒಂದು ರೂಢಿ ಬೇರೂರಿದೆ: ಪೋಷಕ ದ್ರವಕ್ಕೆ ಎಫ್‌ಎಸ್‌ಎಚ್, ಎಲ್‌ಎಚ್, ಈಸ್ಟ್ರಡಯಾಲ್ ಎಂಬ ಮೂರೂ ಹಾರ್ಮೋನುಗಳನ್ನು ಬೆರೆಸಿ 24 ಗಂಟೆ ಕಾಯುವುದು. ಯಾವ ಹಾರ್ಮೋನು ಯಾವ ಜೀವಕೋಶಕ್ಕೆ, ಯಾವ ಹೊತ್ತಿಗೆ ಬೇಕು ಎಂದು ಕೇಳದೆ ಹಾಕುವ ಈ ಒಗ್ಗರಣೆ ವಿಜ್ಞಾನಕ್ಕಿಂತ ಪರಿಪಾಠಕ್ಕೆ ಹತ್ತಿರ.

ಮೊಲದ ಅಂಡಾಣುವನ್ನು ಅಂಡಾಶಯದಲ್ಲಿ ಅದು ಬೆಳೆಯುವ ಕೋಶಕದಿಂದ ಬಿಡಿಸಿದರೆ ಸಾಕು, ಯಾವ ಹಾರ್ಮೋನೂ ಇಲ್ಲದೆ ಅದು ತಾನಾಗಿ ಮಾಗತೊಡಗುತ್ತದೆಂದು ವಿಜ್ಞಾನಿಗಳಾದ ಪಿಂಕಸ್ ಮತ್ತು ಎನ್ಜ್‌ಮನ್ 1935ರಲ್ಲೇ ತೋರಿಸಿದರು. 1965ರಲ್ಲಿ ವಿಜ್ಞಾನಿ ಎಡ್ವರ್ಡ್ಸ್ ಮನುಷ್ಯರ ಅಂಡಾಣುವಿನಲ್ಲೂ ಅದನ್ನೇ ಕಂಡರು. ಅಂದರೆ ಕೋಶಕ ಅಂಡಾಣುವನ್ನು ತಡೆಹಿಡಿದಿರುತ್ತದೆ. ಎಲ್‌ಎಚ್ ಮಾಡುವುದು ಆ ತಡೆ ತೆರೆಯುವ ಕೆಲಸ. ಇಲಿಯಲ್ಲಿ ಎಲ್‌ಎಚ್ ಅಂಡಾಣುವನ್ನು ನೇರವಾಗಿ ಮುಟ್ಟುವುದೂ ಇಲ್ಲ; ಕೋಶಕದ ಗೋಡೆಯ ಜೀವಕೋಶಗಳು ಅದನ್ನು ಗ್ರಹಿಸಿ, ಬೇರೆ ಸಂಕೇತಗಳ ಮೂಲಕ ಒಳಗೆ ದಾಟಿಸುತ್ತವೆ. ಆ ಗೋಡೆಯೇ ಇಲ್ಲದ ಪ್ರಯೋಗಾಲಯದ ತಟ್ಟೆಯಲ್ಲಿ ಎಲ್‌ಎಚ್ ವಿಳಾಸ ತಪ್ಪಿದ ಪತ್ರವಾಗಬಹುದು. ಕಾಲವೂ ಒಂದೊಂದು ಪ್ರಾಣಿಗೆ ಒಂದೊಂದು: ಹಂದಿಯ ಅಂಡಾಣುವಿಗೆ ಸುಮಾರು 42 ಗಂಟೆ ಬೇಕು, ಅದರಲ್ಲೂ ಹಾರ್ಮೋನು ಮೊದಲರ್ಧಕ್ಕಷ್ಟೇ. ನಾಯಿಯದು ಅಂಡಾಶಯ ಬಿಟ್ಟಾಗಲೂ ಹಸಿಯೇ, ಅಂಡನಾಳದಲ್ಲಿ ದಿನಗಟ್ಟಲೆ ಮಾಗುತ್ತದೆ. ಈಸ್ಟ್ರಡಯಾಲಿನಂಥ ಸ್ಟಿರಾಯ್ಡ್‌ಗಳಂತೂ ಪೋಷಕ ದ್ರವದ ಹನಿಯ ಮೇಲೆ ಮುಚ್ಚುವ ಎಣ್ಣೆಗೆ ಸೋರಿಹೋಗುವುದರಿಂದ, ಬೆರೆಸಿದ ಪ್ರಮಾಣ ಅಂಡಾಣುವಿಗೆ ಸಿಕ್ಕ ಪ್ರಮಾಣವಲ್ಲ.

‘ಹಾರ್ಮೋನು ಹಾಕಿಯೇ ತಾನೆ ಕರುಗಳು ಹುಟ್ಟುತ್ತಿರುವುದು’ ಎಂಬ ಆಕ್ಷೇಪ ತೂಕದ್ದೇ. ಅಂಡಾಣುವನ್ನು ಸುತ್ತುವರಿದ ಜೀವಕೋಶಗಳು ಎಫ್‌ಎಸ್‌ಎಚ್‌ಗೆ ಓಗೊಟ್ಟು ಅರಳುತ್ತವೆ. ಅದರ ಪಾಲನ್ನು ಅಲ್ಲಗಳೆಯುವಂತಿಲ್ಲ. ಆದರೆ ಒಂದರ ಗುಣ ಮೂರರ ಮಿಶ್ರಣಕ್ಕೆ ಸಮರ್ಥನೆಯಾಗದು. ಮೇಲಾಗಿ, ಕೋಶಕೇಂದ್ರ ವಿಭಜನೆಯ ಹಂತ ದಾಟಿದ ಮಾತ್ರಕ್ಕೆ ಅಂಡಾಣು ಮಾಗಿತು ಎನ್ನಲಾಗದು. ಭ್ರೂಣವನ್ನು ಹೊತ್ತು ನಡೆಸುವ ಸತ್ವ ಅದರ ಕೋಶರಸದಲ್ಲಿ ತುಂಬಿರಬೇಕು. ಬಾಳೆ ಹಳದಿಯಾದದ್ದೆಲ್ಲ ಹಣ್ಣಾದದ್ದಲ್ಲ ಎಂದು ಕೆಂಬಾಳೆಯ ಕಮಲಾಪುರಕ್ಕೆ ಹೇಳಿಕೊಡಬೇಕಿಲ್ಲ. ಪ್ರತಿ ತಳಿಗೂ ಹೊಸ ಪಾಕ ಹುಡುಕುವುದು ದುಬಾರಿ ಎಂಬ ಮಾತೂ ಇದೆ. ಆದರೆ ಒಂದೊಂದೇ ಹಾರ್ಮೋನನ್ನು ಕೈಬಿಟ್ಟು ನೋಡುವ ಪರೀಕ್ಷೆಗೆ ಹೊಸ ಯಂತ್ರ ಬೇಕಿಲ್ಲ, ತಾಳ್ಮೆ ಬೇಕು. ದೇವಣಿಯ ಸೀಮೆಯಲ್ಲೇ, ಬೀದರಿನಲ್ಲಿ, ಪಶು ವಿಶ್ವವಿದ್ಯಾಲಯವಿದೆ. ಎರವಲು ಹದವನ್ನು ಈ ಆಕಳಿನ ಅಂಡಾಣುವಿನ ಮೇಲೆ ಒರೆಗೆ ಹಚ್ಚಲು ಅದಕ್ಕಿಂತ ತಕ್ಕ ಜಾಗವಿಲ್ಲ. ಒರೆಗಲ್ಲು ಮಾತ್ರ ತಟ್ಟೆಯ ಲೆಕ್ಕವಾಗದೆ ಕೊಟ್ಟಿಗೆಯ ಕರುವಾಗಬೇಕು.