ಪೆನ್ಸಿಲ್ ಕೈ ಬದಲಿಸಿದಾಗ

ಒಳ್ಳೆಯ ಸ್ಟೋರಿಬೋರ್ಡ್ ಕೈಗೆ ಸಿಕ್ಕರೆ ನಾನು ಬೇಗ ಬಿಡುವವನಲ್ಲ. ಅದರಲ್ಲೂ ಹೊಲಗೆಲಸ ಮುಗಿಸಿ ಬಂದ ನಾಲ್ಕಾರು ಜನ ಒಂದೇ ಚಾರ್ಟ್ ಹಾಳೆಯ ಸುತ್ತ ಕೂತು, ಒಂದೇ ಪೆನ್ಸಿಲನ್ನು ಕೈಯಿಂದ ಕೈಗೆ ದಾಟಿಸುತ್ತ ಬರೆದದ್ದಾದರೆ, ಅದನ್ನು ಬೆಳಕಿಗೆ ಹಿಡಿದು, ಓರೆ ಮಾಡಿ, ಕಣ್ಣಿನ ಹತ್ತಿರಕ್ಕೆ ತಂದು ನೋಡುತ್ತೇನೆ. ಅಳತೆಪಟ್ಟಿಯಿಲ್ಲದೆ ಎಳೆದ, ಒಂಚೂರು ವಾಲಿದ ಚೌಕಗಳು. ಕುಡುಗೋಲು ಹಿಡಿದು ಪಳಗಿದ ಕೈಯ ಗಟ್ಟಿ ಒತ್ತು ಒಂದು ಚೌಕದಲ್ಲಿ ಹಾಳೆಯ ಬೆನ್ನಿಗೂ ಮೂಡಿರುತ್ತದೆ. ಪಕ್ಕದ ಚೌಕದಲ್ಲಿ ಇನ್ನೊಬ್ಬರ ನವಿರಾದ, ಅಳುಕುತ್ತ ಸಾಗಿದ ಗೆರೆ. ರಬ್ಬರು ಉಜ್ಜಿ ಬೂದಿಬಣ್ಣಕ್ಕೆ ತಿರುಗಿದ ಜಾಗವಂತೂ ನನಗೆ ಪರಮಪ್ರಿಯ. ಅಲ್ಲಿ ಒಂದು ವಾದ ನಡೆದಿದೆ, ಯಾರೋ ಯಾರದೋ ಮಾತಿಗೆ ತಲೆದೂಗಿದ್ದಾರೆ, ಚಿತ್ರ ಮೊದಲಿಗಿಂತ ಚೆಂದವಾಗಿದೆ.

ಈ ವಿದ್ಯೆಯ ಹುಟ್ಟಿನಲ್ಲೇ ಕೂಡಿ ಮಾಡುವ ಗುಣವಿದೆ. 1930ರ ದಶಕದ ಆರಂಭದಲ್ಲಿ ವಾಲ್ಟ್ ಡಿಸ್ನಿಯ ಸ್ಟುಡಿಯೋದಲ್ಲಿ ವೆಬ್ ಸ್ಮಿತ್ ಎಂಬ ಕಲಾವಿದ ಕಥೆಯ ಒಂದೊಂದು ಘಟನೆಯನ್ನೂ ಬಿಡಿ ಹಾಳೆಯಲ್ಲಿ ಬರೆದು, ಹಲಗೆಗೆ ಸಾಲಾಗಿ ಪಿನ್ ಚುಚ್ಚತೊಡಗಿದ. ಕಥೆ ಒಬ್ಬನ ತಲೆಯಿಂದ ಇಳಿದು ಎಲ್ಲರ ಕಣ್ಣೆದುರಿಗೆ ಬಂತು. ಕೋಣೆಯಲ್ಲಿದ್ದ ಯಾರು ಬೇಕಾದರೂ ಎದ್ದು ಹೋಗಿ ಒಂದು ಹಾಳೆ ಕಿತ್ತು ಇನ್ನೊಂದೆಡೆ ಚುಚ್ಚಬಹುದಿತ್ತು.

ಆ ಹಲಗೆ ನಮ್ಮ ಹಳ್ಳಿಯ ಜಗಲಿಗೆ ಬಂದ ದಾರಿಯೂ ಸೊಗಸಾದದ್ದು. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಒಂದು ಯೋಜನೆಯಾಗಿ ಹುಟ್ಟಿ, ಆಮೇಲೆ ಸ್ವತಂತ್ರ ಸಂಸ್ಥೆಯಾದ ಡಿಜಿಟಲ್ ಗ್ರೀನ್, ರೈತರಿಗಾಗಿ ರೈತರೇ ನಟಿಸಿ ತೋರಿಸುವ ಹತ್ತು ನಿಮಿಷದ ಆಸುಪಾಸಿನ ವಿಡಿಯೊಗಳನ್ನು ರೂಢಿಗೆ ತಂದಿತು. ನೋಡಲು ಕೂತ ರೈತರು ಮೊದಲು ಕೇಳುತ್ತಿದ್ದುದು ತೆರೆಯ ಮೇಲಿನ ರೈತನ ಹೆಸರೇನು, ಯಾವ ಊರು ಎಂದು. ನನಗೆ ಇದು ಬಹಳ ಇಷ್ಟವಾದ ಸಂಗತಿ. ಹೇಳುವವರು ನಮ್ಮವರೋ ಅಲ್ಲವೋ ಎಂಬುದು ತಿಳಿದ ಮೇಲೆಯೇ ನಮ್ಮ ಜನ ಹೇಳಿದ್ದನ್ನು ಕೇಳುವುದು. ಹಾಗಾಗಿಯೇ ಇಂಥ ವಿಡಿಯೊಗಳಿಗೆಂದು ಮೊದಲೇ ಬರೆದುಕೊಳ್ಳುವ ಸ್ಟೋರಿಬೋರ್ಡ್ ಹಾಳೆಗಳ ಮೊದಲ ಚೌಕದಲ್ಲಿ ಒಬ್ಬ ಮನುಷ್ಯ ನೇರವಾಗಿ ನಮ್ಮನ್ನು ನೋಡುತ್ತ ನಿಂತಿರುತ್ತಾನೆ, ಹೆಸರು ಮತ್ತು ಊರು ಹೇಳುತ್ತ.

ಶಿರಾ ಸೀಮೆಯ ಒಂದು ಮಹಿಳಾ ಸಂಘದಲ್ಲಿ ಹುಟ್ಟಿದ ಅಂಥದೊಂದು ಹಾಳೆಯ ರುಚಿಯನ್ನು ನಿಮಗೂ ಹಂಚಬೇಕು. ವಿಷಯ ಬೀಜಾಮೃತ, ಅಂದರೆ ಬಿತ್ತುವ ಮೊದಲು ಬೀಜಕ್ಕೆ ಸವರುವ ದ್ರಾವಣ. 20 ಲೀಟರ್ ನೀರು, 5 ಕೆ.ಜಿ. ನಾಟಿ ಹಸುವಿನ ಸಗಣಿ, 5 ಲೀಟರ್ ಗಂಜಲ, 50 ಗ್ರಾಂ ಸುಣ್ಣ, ಬದುವಿನ ಒಂದು ಹಿಡಿ ಮಣ್ಣು: ಸುಭಾಷ್ ಪಾಳೇಕರರ ಕೃಷಿ ಪದ್ಧತಿ ಬಲ್ಲವರಿಗೆಲ್ಲ ಗೊತ್ತಿರುವ ಪಾಕ. ಸಂಘದ ಲೆಕ್ಕ ಬರೆಯುವ ಹುಡುಗಿ ಆರು ಚೌಕ ಎಳೆದುಕೊಂಡು ಶುರುಮಾಡಿದಳು. ಬಟ್ಟೆಯಲ್ಲಿ ಕಟ್ಟಿದ ಸಗಣಿ ಗಂಟನ್ನು ನೀರಿಗೆ ಇಳಿಬಿಟ್ಟದ್ದು ಮುದ್ದಾಗಿ ಮೂಡಿತು. ಆಮೇಲೆ ಪೆನ್ಸಿಲ್ ನಿಂತಿತು. ಗಂಟು 12 ಗಂಟೆ ನೆನೆಯಬೇಕು. ಇಡೀ ರಾತ್ರಿಯನ್ನು ಚೌಕದೊಳಗೆ ತರುವುದು ಹೇಗೆ? ಗಡಿಯಾರ ಬರೆಯೋಣ ಎಂದಳು ಒಬ್ಬಳು. ಚಂದ್ರನನ್ನು ಬರೆ ಎಂದಳು ಇನ್ನೊಬ್ಬಳು. ಗೋಡೆಗೊರಗಿ ಕೂತಿದ್ದ ಅಜ್ಜಿ ಅಲ್ಲಿಂದಲೇ ಹೇಳಿದರು: “ಸಂಜೆ ಕೋಳಿ ಮುಚ್ಚೋದು ಬರಿಯವ್ವ. ಅದರ ಪಕ್ಕ ಬಾಗ್ಲು ಮುಂದೆ ರಂಗೋಲೆ ಬಿಡೋದು ಬರಿ. ಮಧ್ಯದಾಗೆ ರಾತ್ರಿ ತಾನೇ ಕಳೀತದೆ.”

ಆ ಎರಡು ಚೌಕಗಳನ್ನು ನೋಡಬೇಕು ನೀವು. ಮೊದಲನೆಯದರಲ್ಲಿ ಕವುಚಿದ ಮಂಕರಿ, ಅದರ ಅಂಚಿನಡಿ ಇನ್ನೂ ಒಳಗೆ ಸೇರದ ಒಂದು ಕೋಳಿಯ ಬಾಲ. ಎರಡನೆಯದರಲ್ಲಿ ಬಾಗಿದ ಬೆನ್ನು, ಕೆಳಗೆ ನಾಲ್ಕೇ ನಾಲ್ಕು ಚುಕ್ಕಿ. ಎರಡರ ನಡುವೆ ಬೆರಳಗಲದ ಬರಿ ಹಾಳೆ. ಆ ಬೆರಳಗಲದಲ್ಲಿ ಕತ್ತಲಾಗುತ್ತದೆ, ಊರು ಮಲಗುತ್ತದೆ, ಗಂಟು ನೀರಿನಲ್ಲಿ ಮೆಲ್ಲಗೆ ಬಿಟ್ಟುಕೊಳ್ಳುತ್ತದೆ, ಬೆಳಗಾಗುತ್ತದೆ. ಸಿನಿಮಾ ಶಾಲೆಯ ಮೇಷ್ಟರು ಕಾಲವನ್ನು ಹಾಯಿಸುವ ಕಸುಬನ್ನು ಇದಕ್ಕಿಂತ ಚೊಕ್ಕವಾಗಿ ಹೇಳಿಕೊಡಲಾರರು.

ಅಲ್ಲಿಂದ ಮುಂದೆ ಎಲ್ಲರ ಕೈಗೂ ಧೈರ್ಯ ಬಂತು. ಬೀಜವನ್ನು ನೆರಳಲ್ಲೇ ಒಣಗಿಸಬೇಕು. ಹಾಗಾದರೆ ನೆರಳನ್ನು ತೋರಿಸುವುದು ಹೇಗೆ ಎಂಬ ಮಾತು ಬಂದಾಗ, ಅದುವರೆಗೆ ಪೆನ್ಸಿಲ್ ಮುಟ್ಟದಿದ್ದ ಹೆಂಗಸೊಬ್ಬಳು ಅದನ್ನು ಇಸಿದುಕೊಂಡು, ಸೀಸದ ಮಗ್ಗುಲಿನಿಂದ ಚೌಕದ ಮುಕ್ಕಾಲು ಭಾಗವನ್ನು ಮೃದುವಾಗಿ ತೀಡಿದಳು. ಹೊಂಗೆಮರದಡಿಯ ತಂಪು ಅಲ್ಲೇ ಇಳಿದುಬಂತು. ಆ ತಂಪಿನ ನಡುವೆ ಬಿಳಿಯಾಗಿ ಬಿಟ್ಟ ಒಂದು ಗೋಣಿತಾಟು, ಅದರ ಮೇಲೆ ರಾಗಿ.

ಚೌಕದ ಕೆಳಗೆ ದನಿಗೆಂದು ಎರಡು ಗೆರೆ ಬಿಟ್ಟಿರುತ್ತಾರೆ. ಯಾರು ಏನು ಹೇಳುತ್ತಾರೆ, ಹಿಂದೆ ಏನು ಕೇಳಿಸುತ್ತದೆ ಎಂದು ಬರೆಯುವ ಜಾಗ. “ಬೀಜ ಚೆನ್ನಾಗಿ ಒಣಗಿದೆ” ಎಂದು ಲೆಕ್ಕದ ಹುಡುಗಿ ಬರೆದಿದ್ದಳು. “ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರೆ ಅಕ್ಕ, ಮೊರದಾಗೆ ಆಡ್ಸು. ಹಸಿ ಇದ್ರೆ ಅಂಟ್ಕಂತದೆ, ಒಣಗಿದ್ರೆ ಸರಸರ ಅಂತದೆ” ಎಂದಳು ಪಕ್ಕದವಳು. ಮಾತು ಅಳಿಸಿತು, ಆ ಜಾಗದಲ್ಲಿ ಈಗ ‘ಮೊರದ ಸದ್ದು’ ಎಂಬ ಎರಡೇ ಪದಗಳಿವೆ. ಇದಕ್ಕಿಂತ ಒಳ್ಳೆಯ ಧ್ವನಿ ವಿನ್ಯಾಸ ಬೇಕೇ? ಕಣ್ಣು ಗೋಣಿತಾಟಿನ ಮೇಲೆ, ಕಿವಿ ಮೊರದಲ್ಲಿ. ಸಾವಿರಾರು ಸಣ್ಣ ಕಾಳು ಒಂದರ ಮೇಲೊಂದು ಜಾರುವ ಆ ಹಗುರ, ಒಣ, ನುಣುಪು ಸದ್ದು ಓದುವಾಗಲೇ ಕೇಳಿಸುತ್ತದೆ.

ಎಲ್ಲ ಮುಗಿಯಿತು ಎನ್ನುವಾಗ ಅಜ್ಜಿ ಮತ್ತೆ ತಡೆದರು. ರಾಗಿಗೆ ಬೀಜಾಮೃತ ಹಾಕಿ ಕೈಯಲ್ಲಿ ಉಜ್ಜುವ ಚಿತ್ರ ಸರಿಯೇ. ಆದರೆ ಆ ಸೀಮೆಯಲ್ಲಿ ನೋಡುವವರು ಶೇಂಗಾಕ್ಕೂ ಹಾಗೇ ಮಾಡಿಬಿಟ್ಟರೆ? “ಕಡ್ಲೆಕಾಯಿ ಬೀಜಾನ ಹಂಗೆಲ್ಲ ಉಜ್ಜಬಾರ್ದು ಕಣಮ್ಮ, ಸಿಪ್ಪೆ ಸುಲ್ಕಂಡ್ ಬತ್ತದೆ. ಚಿಮುಕಿಸಿ ಹಗೂರಕ್ಕೆ ಕೈಯಾಡ್ಸಬೇಕು.” ಹಾಳೆಯ ಅಂಚಿನಲ್ಲಿ ಇನ್ನೊಂದು ಚೌಕ ಹುಟ್ಟಿತು. ಬರೀ ಎರಡು ಕೈ, ಬೆರಳು ಅರಳಿಸಿ, ಕಾಳಿಗೆ ತಾಕಿಯೂ ತಾಕದಂತೆ. ಇಡೀ ಹಾಳೆಯಲ್ಲಿ ಅತ್ಯಂತ ನಾಜೂಕಾದ ಗೆರೆ ಅದೇ. ಬರೆದವಳು ಉಸಿರು ಹಿಡಿದು ಬರೆದಿರಬೇಕು. ವಯಸ್ಕರ ಕಲಿಕೆಯ ಬಗ್ಗೆ ಬರೆದ ಅಮೆರಿಕದ ಶಿಕ್ಷಣತಜ್ಞ ಮಾಲ್ಕಮ್ ನೋಲ್ಸ್, ದೊಡ್ಡವರು ಹೊತ್ತುತರುವ ಅನುಭವವೇ ಕಲಿಕೆಯ ದೊಡ್ಡ ಬಂಡವಾಳ ಎಂದು ಒತ್ತಿಹೇಳಿದರು. ಆ ಬಂಡವಾಳ ಕಣ್ಣಿಗೆ ಕಾಣಬೇಕೆಂದರೆ ಈ ಅಂಚಿನ ಚೌಕ ನೋಡಬೇಕು.

ಚಿತ್ರ ಹೇಗಿರಬೇಕೆಂದು ಕೂಡಿ ಯೋಚಿಸುವುದರ ಇನ್ನೊಂದು ಸಮೃದ್ಧ ಮಾದರಿ ನಮ್ಮ ಬೀದರ್‌ನ ನೆರೆಯಲ್ಲೇ ಇದೆ. ಮೈಸೂರಿನಲ್ಲಿ ಹುಟ್ಟಿ, ದೂರದರ್ಶನದಲ್ಲಿ ದುಡಿದ ಪಿ.ವಿ. ಸತೀಶ್ ಗೆಳೆಯರೊಂದಿಗೆ 1983ರಲ್ಲಿ ಕಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯಲ್ಲಿ, ಜಹೀರಾಬಾದ್ ಸುತ್ತಿನ ದಲಿತ ಹೆಂಗಸರು ಕ್ಯಾಮೆರಾ ಕಲಿತರು. ಹಲವರಿಗೆ ಅಕ್ಷರ ಬರುತ್ತಿರಲಿಲ್ಲ. ಕ್ಯಾಮೆರಾದ ಕೋನಗಳನ್ನು ಅವರು ತಮ್ಮ ಬದುಕಿನಿಂದಲೇ ಗುರುತಿಸಿಕೊಂಡರು: ಮೇಲಿನಿಂದ ಕೆಳಕ್ಕೆ ನೋಡಿದರೆ ಪಟೇಲ್ ಶಾಟ್, ಕೆಳಗಿನಿಂದ ಕತ್ತೆತ್ತಿ ನೋಡಿದರೆ ಜೀತದಾಳಿನ ಶಾಟ್, ಕಣ್ಣಿಗೆ ಕಣ್ಣು ಸಮನಾಗಿ ನೋಡಿದರೆ ಸಂಘಂ ಶಾಟ್. ಈ ಮೂರು ಗೊತ್ತಿದ್ದರೆ ಒಂದು ಗುಂಪು ಯಾವ ದೃಶ್ಯವನ್ನಾದರೂ ಯೋಜಿಸಬಹುದು. ಕ್ಯಾಮೆರಾವನ್ನು ಎಷ್ಟು ಎತ್ತರದಲ್ಲಿ ಹಿಡಿಯಬೇಕು ಎಂಬ ಪ್ರಶ್ನೆ ಅವರಿಗೆ ಎದುರಿಗಿರುವವರನ್ನು ಹೇಗೆ ಕಾಣಬೇಕು ಎಂಬ ಪ್ರಶ್ನೆಯೂ ಆಗಿತ್ತು.

ನಮ್ಮ ಶಿರಾದ ಹಾಳೆ ಮುಗಿಯುವ ಹೊತ್ತಿಗೆ ಆರು ಚೌಕ ಹತ್ತಾಗಿದ್ದವು. ಕೋಳಿಯ ಮಂಕರಿ ಯಾರದು, ನೆರಳು ಯಾರದು, ಮೊರ ಯಾರದು ಎಂದು ಗೆರೆ ನೋಡಿಯೇ ಹೇಳಬಹುದಿತ್ತು; ಆದರೂ ಒಂದು ಚೌಕದಿಂದ ಇನ್ನೊಂದಕ್ಕೆ ಕಥೆ ಎಲ್ಲೂ ಎಡವದೆ ಹರಿಯುತ್ತಿತ್ತು. ಕೂಡಿ ಮಾಡಿದ ಕೆಲಸದಲ್ಲಿ ನಾನು ಹುಡುಕುವ ಸೊಬಗು ಇದೇ. ಇಂಥ ವಿಡಿಯೊ ನಿಮ್ಮೂರಿಗೆ ಬಂದರೆ ಅದನ್ನು ನೋಡಿ, ಆಮೇಲೆ ಅದರ ಹಾಳೆಯನ್ನೂ ಕೇಳಿ ಪಡೆಯಿರಿ. ಯಾವ ಚೌಕ ಯಾರು ಬರೆದದ್ದು, ಯಾಕೆ ಅಳಿಸಿದಿರಿ ಎಂದು ವಿಚಾರಿಸಿ. ಬೀಜಾಮೃತ ಮಾಡುವುದನ್ನು ವಿಡಿಯೊ ಕಲಿಸುತ್ತದೆ; ಐದಾರು ತಲೆಗಳು ಒಂದು ವಿಚಾರವನ್ನು ಹದಕ್ಕೆ ತರುವುದನ್ನು ಆ ಹಾಳೆ ಕಲಿಸುತ್ತದೆ.