ಸಿಹಿಯೆಂಬ ಬೈಗುಳ

'ದ ಸೌಂಡ್ ಆಫ್ ಮ್ಯೂಸಿಕ್' ಸಂಗೀತನಾಟಕದ ಹೆಸರೆತ್ತಿದರೆ ಸಾಕು, ಅಭಿರುಚಿವಂತರು ಸಕ್ಕರೆ ಕಾಯಿಲೆಯ ಜೋಕು ಹೇಳುತ್ತಾರೆ. 1959ರ ನವೆಂಬರ್‌ನಲ್ಲಿ ಬ್ರಾಡ್‌ವೇಯಲ್ಲಿ ತೆರೆ ಎದ್ದಾಗಲೇ ವಿಮರ್ಶಕ ವಾಲ್ಟರ್ ಕೆರ್ ಅತಿ ಸಿಹಿಯಾಯಿತೆಂದು ಮೂಗು ಮುರಿದಿದ್ದ. 1965ರ ಸಿನಿಮಾವನ್ನು ವಿಮರ್ಶಕಿ ಪಾಲೀನ್ ಕೇಲ್ ಇನ್ನೂ ಕಟುವಾಗಿ ಝಾಡಿಸಿದಳು. ಆಮೇಲೆ ಬಂದವರಿಗೆ ಯೋಚಿಸುವ ಕೆಲಸವೇ ಉಳಿಯಲಿಲ್ಲ. ನನ್ನ ತಕರಾರು ಇಷ್ಟೇ: ಇವರು ನೋಡಿರುವುದು ಸಿನಿಮಾ, ತೀರ್ಪು ಬರೆಯುತ್ತಿರುವುದು ನಾಟಕದ ಮೇಲೆ, ನಾಟಕದ ಜೊತೆಗೆ ಅದನ್ನು ಕಟ್ಟಿದ ರಾಜರ್ಸ್-ಹ್ಯಾಮರ್‌ಸ್ಟೈನ್ ಜೋಡಿಯ ಪರಂಪರೆಯನ್ನೂ ಸೇರಿಸಿಯೇ ತಿಪ್ಪೆಗೆ ಎಸೆಯುತ್ತಿದ್ದಾರೆ.

ನಾಟಕದಲ್ಲಿದ್ದು ಸಿನಿಮಾದಲ್ಲಿ ಮಾಯವಾದ ಹಾಡೊಂದಿದೆ, 'ನೋ ವೇ ಟು ಸ್ಟಾಪ್ ಇಟ್'. ಆಸ್ಟ್ರಿಯಾವನ್ನು ಹಿಟ್ಲರ್ ನುಂಗುವ ಸೂಚನೆಗಳು ಕಾಣುತ್ತಿವೆ. ಕಥಾನಾಯಕ ಕ್ಯಾಪ್ಟನ್‌ನನ್ನು ಮದುವೆಯಾಗಲಿರುವ ಸಿರಿವಂತೆ ಎಲ್ಸಾ, ಸಂಗೀತದ ದಳ್ಳಾಳಿ ಮ್ಯಾಕ್ಸ್ ಇಬ್ಬರೂ ಸೇರಿ ಅವನಿಗೆ ಬುದ್ಧಿ ಹೇಳುತ್ತಾರೆ: ಆಗುವುದನ್ನು ತಡೆಯಲು ನೀನು ಯಾರು, ನಿನ್ನ ಪಾಡು ನೋಡಿಕೋ. ಸ್ವರ ಹಾಕಿದ ರಾಜರ್ಸ್ ಈ ಹೇಡಿತನಕ್ಕೆ ಎಂಥ ಲವಲವಿಕೆಯ ಧಾಟಿ ಹೊಂದಿಸಿದ್ದಾನೆಂದರೆ ಪ್ರೇಕ್ಷಕನ ಕಾಲೂ ತಾಳ ಹಾಕತೊಡಗುತ್ತದೆ. ಹಾಡು ಮುಗಿಯುವ ಹೊತ್ತಿಗೆ ಮದುವೆಯ ಮಾತು ಮುರಿದುಬೀಳುತ್ತದೆ. ಕಾರಣ ರಾಜಕೀಯ. ಒಬ್ಬರು ರಾಜಿಗೆ ಸಿದ್ಧ, ಇನ್ನೊಬ್ಬರು ಇಲ್ಲ. ಅಂಥ ಇಬ್ಬರು ಒಂದು ಮನೆಯಲ್ಲಿ ಬಾಳಲಾರರು. ಸಿನಿಮಾದವರು ಈ ಹಾಡನ್ನೂ ಎಲ್ಸಾಳ ಇನ್ನೊಂದು ಕುಟುಕು ಹಾಡನ್ನೂ ಕಿತ್ತುಹಾಕಿ, ಕ್ಯಾಪ್ಟನ್ ತನ್ನ ಮಕ್ಕಳ ಪಾಲಕಿ ಮರಿಯಾಗೆ ಮನಸೋತದ್ದರಿಂದ ಎಲ್ಸಾ ಹೊರಟುಹೋದಳು ಎಂದು ಕತೆ ಕಟ್ಟಿದರು. ಸಿಹಿ ಎಲ್ಲಿಂದ ಬಂತೆಂದು ಇನ್ನು ಕೇಳಬೇಕೆ?

ಹಾಡು ಬರೆದ ಹ್ಯಾಮರ್‌ಸ್ಟೈನ್ ನನ್ನ ಪಕ್ಷದವನು, ಅದನ್ನು ಮುಚ್ಚಿಡುವುದಿಲ್ಲ. 1936ರಲ್ಲೇ ಹಾಲಿವುಡ್‌ನ ನಾಜಿವಿರೋಧಿ ಸಂಘ ಕಟ್ಟಿದವರ ಸಾಲಿನಲ್ಲಿದ್ದವನು. 1949ರ 'ಸೌತ್ ಪೆಸಿಫಿಕ್' ನಾಟಕದಲ್ಲಿ ವರ್ಣದ್ವೇಷವನ್ನು ಮಕ್ಕಳಿಗೆ ಕಲಿಸಲಾಗುತ್ತದೆಂದು ಹಾಡಿಸಿ ಜಾರ್ಜಿಯಾದ ಶಾಸಕರ ಕೋಪಕ್ಕೆ ಗುರಿಯಾದವನು. ಇಂಥವನನ್ನು ಭೋಳೆ ಎನ್ನುವುದಕ್ಕೆ ಧೈರ್ಯ ಬೇಕು, ಇಲ್ಲವೇ ಅಜ್ಞಾನ. ಈ ನಾಟಕದಲ್ಲಿ ಆಸ್ಟ್ರಿಯಾವನ್ನು ನೆನೆಯುವ 'ಎಡೆಲ್‌ವೈಸ್' ಅವನು ಬರೆದ ಕೊನೆಯ ಹಾಡು. ಬಾಸ್ಟನ್‌ನ ಪೂರ್ವಪ್ರದರ್ಶನಗಳ ವೇಳೆ ಅದು ಸೇರಿತು. 1960ರ ಆಗಸ್ಟ್‌ನಲ್ಲಿ ಕ್ಯಾನ್ಸರ್ ಅವನನ್ನು ಒಯ್ದಿತು. ಗಿಟಾರ್ ಹಿಡಿದು ಆ ಹಾಡನ್ನು ಮೊದಲು ಹಾಡಿದ ಕ್ಯಾಪ್ಟನ್ ಪಾತ್ರಧಾರಿ ಥಿಯೊಡೋರ್ ಬಿಕೆಲ್, ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ. 1938ರಲ್ಲಿ ನಾಜಿಗಳು ಬಂದ ಮೇಲೆ ಹದಿಹರೆಯದಲ್ಲಿ ಮನೆಮಂದಿಯೊಂದಿಗೆ ಊರು ಬಿಟ್ಟವನು. ಕಳೆದುಕೊಂಡ ದೇಶದ ಹಾಡನ್ನು ಕಳೆದುಕೊಂಡವನೇ ಹಾಡುತ್ತಿದ್ದ. ಈ ದನಿಯನ್ನು ಕೇಳಿಯೂ ಸಕ್ಕರೆ ಎಂದವರ ನಾಲಿಗೆಯನ್ನು ನಾನು ನಂಬಲಾರೆ.

ಲೋಪಗಳಿಲ್ಲವೇ? ಇವೆ. ಸನ್ಯಾಸಿನಿಯರ ಮಠದಲ್ಲಿ ಒಳ್ಳೆಯತನ ತುಸು ಹೆಚ್ಚೇ ಸುರಿಯುತ್ತದೆ. ನಾಜಿ ಸಮವಸ್ತ್ರ ತೊಟ್ಟ ಅಂಚೆಯ ಹುಡುಗ ರಾಲ್ಫ್ ನಾಟಕದಲ್ಲಿ ಕೊನೆಗೆ ಕರಗಿ, ತಪ್ಪಿಸಿಕೊಂಡು ಓಡುತ್ತಿರುವ ಕ್ಯಾಪ್ಟನ್ ಕುಟುಂಬವನ್ನು ಹೋಗಬಿಡುತ್ತಾನೆ. ಸಿನಿಮಾದಲ್ಲಿ ಸೀಟಿ ಊದಿ ಅವರನ್ನು ಹಿಡಿಸಲು ನೋಡುತ್ತಾನೆ. ಇದೊಂದರಲ್ಲಿ ಸಿನಿಮಾ ಗಟ್ಟಿ ಎಂದು ವಾದಿಸುವವರಿದ್ದಾರೆ. ನನಗೋ ಕರಗಿದ ರಾಲ್ಫನೇ ಹೆಚ್ಚು ಕಾಡುತ್ತಾನೆ: ಬಿಟ್ಟುಬಿಟ್ಟ ಮೇಲೂ ಅವನು ಅದೇ ಸಮವಸ್ತ್ರದಲ್ಲೇ ಉಳಿಯುತ್ತಾನಲ್ಲ!

ನಾಜಿಗಳ ಕಾಲದ ಸಂಗೀತನಾಟಕ ಬೇಕಿದ್ದರೆ 'ಕ್ಯಾಬರೆ' ನೋಡಿ ಎನ್ನುತ್ತಾರೆ ಅಭಿರುಚಿವಂತರು. ನೋಡಿದ್ದೇನೆ, ಮೆಚ್ಚಿದ್ದೇನೆ. ಆದರೆ 1966ರ ಆ ನಾಟಕ ಮೆಚ್ಚುವುದು ಸುಲಭ. ಬಣ್ಣ ಬಳಿದ ಮುಖ, ಕೊಳೆತ ನಗು, ಕತ್ತಲ ಕ್ಲಬ್ಬು: ಮೆಚ್ಚಿದವನಿಗೂ ತಾನು ಪ್ರಬುದ್ಧನೆಂಬ ಹೆಮ್ಮೆ. ಕಹಿಯಾದದ್ದೆಲ್ಲ ಸತ್ಯ, ಗುನುಗಬಹುದಾದದ್ದೆಲ್ಲ ಸುಳ್ಳು ಎಂಬ ಈ ಮೂಢನಂಬಿಕೆ ಅಮೆರಿಕದ ಸೊತ್ತೇನೂ ಅಲ್ಲ. ನಮ್ಮ ನವ್ಯರೂ ಕಂಪನಿ ನಾಟಕದ ಹಾಡುಗಳನ್ನು ಹೀಗೇ ಕೀಳುಗಳೆದರು. ಗುಬ್ಬಿ ಕಂಪನಿಯಲ್ಲಿ ಬೆಳೆದ ಬಿ.ವಿ. ಕಾರಂತರು ಹಾಡನ್ನು ಮತ್ತೆ ರಂಗಕ್ಕೆ ಕರೆತಂದಾಗ ಅದೇ ಹಾಡು ದಿಢೀರನೆ ಆಧುನಿಕವಾಯಿತು. ಅಂದಮೇಲೆ ಹೀಗಳೆದದ್ದು ಹಾಡನ್ನೋ, ಹಾಡು ಕೇಳಲು ಬರುತ್ತಿದ್ದ ಜನರನ್ನೋ? 1,443 ಪ್ರದರ್ಶನ ಕಂಡ ಜನ ದಡ್ಡರೆಂದು ಹೇಳುವ ವಿಮರ್ಶಕ ಕಲೆಯ ಬಗ್ಗೆ ಮಾತಾಡುತ್ತಿಲ್ಲ, ತನ್ನ ಅಂತಸ್ತಿನ ಬಗ್ಗೆ ಮಾತಾಡುತ್ತಿದ್ದಾನೆ.

ಸಿನಿಮಾವನ್ನು ಬೈಯಿರಿ, ಅಡ್ಡಿಯಿಲ್ಲ. ನಾಟಕಕ್ಕೆ ತೀರ್ಪು ಬರೆಯುವ ಮೊದಲು ಮಾತ್ರ 1959ರ ಮೂಲ ತಾರಾಗಣದ ಧ್ವನಿಮುದ್ರಿಕೆ ಹುಡುಕಿ, ಎಲ್ಸಾ-ಮ್ಯಾಕ್ಸರ ಆ ಹಾಡನ್ನು ಒಮ್ಮೆ ಕೇಳಿ.